ಬಡವರ ಮನೆಯ ಶಿಲ್ಪಿ ಲಾರಿ ಬೇಕರ್

ಸರಕಾರಿ ಕಚೇರಿಯ ಕೆಲಸಕ್ಕೋ ಚಿಕಿತ್ಸೆಗೋ ತಿರುವನಂತಪುರಕ್ಕೆ ಹೋಗಿ ಬರುವ ನಮ್ಮ ಜಿಲ್ಲೆಯ ಕನ್ನಡಿಗರಲ್ಲಿ ಅನೇಕರು ತಂಪಾನೂರಿನ ಇಂಡಿಯನ್ ಕಾಫಿ ಹೌಸನ್ನು ನೋಡಿಯೇ ಇರುತ್ತಾರೆ. ಇಟ್ಟಿಗೆ ಬಣ್ಣದ ಆ ದುಂಡು ಗೋಪುರದೊಳಗೆ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗಲು ಮೆಟ್ಟಿಲುಗಳಿಲ್ಲ. ನೆಲವೇ ಸುರುಳಿಯಾಗಿ ಮೇಲೇರುತ್ತ ಹೋಗುತ್ತದೆ. ಆ ಇಳಿಜಾರಿನ ಪಕ್ಕದಲ್ಲೇ ಮೇಜು, ಕೂರುವ ಕಟ್ಟೆ. ಗೋಡೆಯ ಉದ್ದಕ್ಕೂ ಬಿಟ್ಟ ಕಿಂಡಿಗಳಿಂದ ಗಾಳಿಯೂ ಬೆಳಕೂ ಬರುತ್ತವೆ. ಕಾಫಿ ಕುಡಿದು ಎದ್ದು ಬಂದವರಲ್ಲಿ ಅದನ್ನು ಕಟ್ಟಿಸಿದವರು ಯಾರೆಂದು ವಿಚಾರಿಸಿದವರು ಕಡಿಮೆ. ಅವರೇ ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪ್ರಜೆಯಾಗಿ, ಕೇರಳದ ಮಣ್ಣಿನಲ್ಲಿ ಕಣ್ಣು ಮುಚ್ಚಿದ ಈ ಮಹನೀಯರ ಬದುಕನ್ನು ನಮ್ಮ ಓದುಗರ ಮುಂದಿಡುವುದಕ್ಕೆ ಕಾರಣವಿದೆ.

ಇಂದು ನಮ್ಮ ಮನೆಗಳಲ್ಲಿ ಮುದುಕರ ಸಂಖ್ಯೆ ಹೆಚ್ಚುತ್ತಿದೆ. ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳನ್ನು ಸೇರಿದ್ದಾರೆ. ಹುಟ್ಟಿ ಬೆಳೆದ ಜಾಗದಲ್ಲೇ ಕೊನೆಯುಸಿರು ಎಳೆಯಬೇಕೆಂಬುದು ಹಿರಿಯರ ಆಸೆ. ಆದರೆ ಆ ಆಸೆಗೆ ಅಡ್ಡಿಯಾಗುವುದು ಎಷ್ಟೋ ಸಲ ಮನೆಯೇ. ಎತ್ತರದ ಹೊಸ್ತಿಲು, ಜಾರುವ ನೆಲ, ಅಂಗಳದಾಚೆಯ ಕಕ್ಕಸು, ಬೇಸಗೆಯಲ್ಲಿ ಬೆಂಕಿಯುಗುಳುವ ತಾರಸಿ. ಇದ್ದವರ ಮನೆಯಲ್ಲೇ ಹೀಗಾದರೆ, ಸರಕಾರ ಕಟ್ಟಿಸಿಕೊಟ್ಟ ಕಾಲೊನಿಗಳಲ್ಲಿರುವ ಕೊರಗರಂಥ ಮೂಲನಿವಾಸಿಗಳ ವೃದ್ಧರ ಪಾಡೇನು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಲಾರಿ ಬೇಕರ್ ಅವರ ಬದುಕನ್ನು ಒಮ್ಮೆ ತಿರುವಿ ನೋಡಬೇಕಾಗುತ್ತದೆ.

ಬಾಲ್ಯ ಮತ್ತು ಯುದ್ಧದ ದಿನಗಳು

ಲಾರೆನ್ಸ್ ವಿಲ್ಫ್ರೆಡ್ ಬೇಕರ್ ಹುಟ್ಟಿದ್ದು 1917ರ ಮಾರ್ಚ್ 2ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಮನೆತನ ಮೆಥೊಡಿಸ್ಟ್ ಕ್ರೈಸ್ತರದು. ತಂದೆ ಲೆಕ್ಕಪತ್ರದ ಕೆಲಸದಲ್ಲಿದ್ದವರು. ಬೇಕರ್ ಹದಿಹರೆಯದಲ್ಲೇ ಕ್ವೇಕರ್ ಪಂಥದ ಕಡೆಗೆ ಒಲಿದರು. ಆಡಂಬರವಿಲ್ಲದ ಬದುಕು, ಯಾರ ಮೇಲೂ ಶಸ್ತ್ರ ಎತ್ತದಿರುವುದು, ನೊಂದವರ ಸೇವೆ ಇವು ಆ ಪಂಥದ ನಡೆ. ಹುಟ್ಟೂರಿನಲ್ಲೇ ವಾಸ್ತುಶಿಲ್ಪ ಕಲಿತು ಹೊರಬಂದಾಗ ಯೂರೋಪಿನ ಮೇಲೆ ಎರಡನೆಯ ಮಹಾಯುದ್ಧದ ಕಾರ್ಮೋಡ ಕವಿದಿತ್ತು.

ಯುದ್ಧ ಮಾಡಲಾರೆನೆಂದ ಬೇಕರ್, ಕ್ವೇಕರರ ಆಂಬುಲೆನ್ಸ್ ದಳ ಸೇರಿ ಚೀನಾಕ್ಕೆ ಹೋದರು. ಅಲ್ಲಿನ ಒಳನಾಡಿನಲ್ಲಿ ಗಾಯಾಳುಗಳ ಮತ್ತು ಕುಷ್ಠರೋಗಿಗಳ ಆರೈಕೆಯಲ್ಲಿ ವರ್ಷಗಳನ್ನು ಕಳೆದರು. ಮನೆ ಕಟ್ಟುವುದನ್ನು ಕಲಿತಿದ್ದ ಕೈಗಳು ಹುಣ್ಣು ತೊಳೆದು ಪಟ್ಟಿ ಕಟ್ಟುವುದನ್ನು ಕಲಿತವು. ಆರೋಗ್ಯ ಕೆಟ್ಟು ಊರಿಗೆ ಹಿಂದಿರುಗುವ ದಾರಿಯಲ್ಲಿ ಹಡಗು ಸಿಗದೆ ಮುಂಬಯಿಯಲ್ಲಿ ಕೆಲವು ತಿಂಗಳು ನಿಲ್ಲಬೇಕಾಯಿತು. ಆ ತಂಗುವಿಕೆ ಅವರ ಜೀವನದ ದಿಕ್ಕನ್ನೇ ಬದಲಿಸಿತು.

ಗಾಂಧೀಜಿಯ ಐದು ಮೈಲಿ

ಮುಂಬಯಿಯಲ್ಲಿ ಬೇಕರ್ ಅವರಿಗೆ ಮಹಾತ್ಮಾ ಗಾಂಧೀಜಿಯವರ ಪರಿಚಯವಾಯಿತು. ಚೂರು ಬಟ್ಟೆಗಳಿಂದ ಹೊಲಿದ ಅವರ ಕಾಲ ಮೆಟ್ಟನ್ನು ಗಾಂಧೀಜಿ ಗಮನಿಸಿ ವಿಚಾರಿಸಿದರೆಂಬುದು ಪ್ರಸಿದ್ಧ. ಎಸೆಯಬೇಕಾದ ಚಿಂದಿಯಿಂದ ಬೇಕಾದ ವಸ್ತು ಮಾಡಿಕೊಳ್ಳುವ ಗುಣ ಗಾಂಧೀಜಿಗೆ ಹಿಡಿಸಿದ್ದು ಸಹಜವೇ. ಮಾತು ಮನೆಗಳ ಕಡೆಗೆ ತಿರುಗಿದಾಗ, ಒಂದು ಊರಿನ ಮನೆಗೆ ಬೇಕಾದ ಸಾಮಗ್ರಿಯೆಲ್ಲ ಆ ಊರಿನ ಸುತ್ತಿನ ಐದು ಮೈಲಿಯೊಳಗೇ ಸಿಗುವಂತಿರಬೇಕೆಂಬ ವಿಚಾರವನ್ನು ಗಾಂಧೀಜಿ ಅವರ ಮನಸ್ಸಿನಲ್ಲಿ ಬಿತ್ತಿದರು.

ಈ ಮಾತಿನ ಬೆಲೆ ಬೇಕರ್ ಅವರಿಗೆ ಕೂಡಲೆ ತಿಳಿಯಿತೆಂದಲ್ಲ. ಕಾಲೇಜಿನಲ್ಲಿ ಕಲಿತ ಉಕ್ಕು, ಗಾಜು, ಕಾಂಕ್ರೀಟುಗಳ ಪಾಠ ತಲೆಯಲ್ಲಿ ತುಂಬಿತ್ತು. ಊರೂರು ಸುತ್ತಿ ಬಡವರ ಮನೆಗಳನ್ನು ಕಂಡ ಮೇಲೆಯೇ ಐದು ಮೈಲಿಯ ಸೂತ್ರದಲ್ಲಿ ಅರ್ಥಶಾಸ್ತ್ರವೂ ಇದೆ, ನೀತಿಯೂ ಇದೆ ಎಂಬುದು ಅವರಿಗೆ ಮನದಟ್ಟಾದದ್ದು. ದೂರದಿಂದ ತಂದ ಸಾಮಗ್ರಿಯ ಹಣ ದೂರದ ಕಾರಖಾನೆಗೆ ಹೋಗುತ್ತದೆ. ಊರಿನದೇ ಕಲ್ಲುಮಣ್ಣಿನ ಮನೆಯ ಹಣ ಊರಿನ ಕೂಲಿಯವನ ಕೈಯಲ್ಲಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಥ ಮನೆ ಮುರಿದಾಗ ಊರಿನವನೇ ಅದನ್ನು ಸರಿಪಡಿಸಬಲ್ಲ.

ಕುಷ್ಠಾಶ್ರಮಗಳಲ್ಲಿ

1945ರಲ್ಲಿ ಬೇಕರ್ ಭಾರತಕ್ಕೆ ಮರಳಿ ಬಂದರು. ಈ ಬಾರಿ ಕುಷ್ಠರೋಗಿಗಳ ಸೇವೆ ಮಾಡುವ ಮಿಶನ್ನಿನ ವಾಸ್ತುಶಿಲ್ಪಿಯಾಗಿ. ಉತ್ತರ ಪ್ರದೇಶದ ಫೈಜಾಬಾದ್ ಅವರ ನೆಲೆ. ಅಲ್ಲಿನ ವಿದೇಶೀಯರು ಆಳುಕಾಳುಗಳ ದೊಡ್ಡ ಬಂಗಲೆಗಳಲ್ಲಿರುವುದನ್ನು ಕಂಡು ಅವರ ಮನಸ್ಸು ಒಗ್ಗಲಿಲ್ಲ. ಕೇರಳದವರಾದ ಡಾಕ್ಟರ್ ಪಿ. ಜೆ. ಚಾಂಡಿಯವರ ಮನೆಯಲ್ಲಿ ವಾಸ ಮಾಡಿದರು.

ಆ ಕಾಲದಲ್ಲಿ ಹೊಸ ಔಷಧಗಳು ಬಂದು ಕುಷ್ಠ ವಾಸಿಯಾಗುವ ರೋಗವಾಗುತ್ತಿತ್ತು. ಆದುದರಿಂದ ರೋಗಿಗಳನ್ನು ಸಾಯುವ ತನಕ ಕೂಡಿಹಾಕುವ ಹಳೆಯ ಆಶ್ರಮಗಳನ್ನು ಚಿಕಿತ್ಸೆ ನೀಡುವ ಆಸ್ಪತ್ರೆಗಳನ್ನಾಗಿ ಮಾರ್ಪಡಿಸುವುದು ಬೇಕರ್ ಅವರ ಪಾಲಿಗೆ ಬಂದ ಕೆಲಸ. ರೋಗ ಬಿಟ್ಟುಹೋದರೂ ಬೆರಳು ಕಳೆದುಕೊಂಡ, ಮನೆಯವರು ಹೊರದೂಡಿದ ವೃದ್ಧರು ಅಲ್ಲಿ ಅನೇಕರಿದ್ದರು. ಅವರಿಗೆ ಬೇಕಾದದ್ದು ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲ, ತನ್ನದೆನ್ನುವ ಒಂದು ಮೂಲೆ. ಕಟ್ಟಡವೊಂದು ಮನುಷ್ಯನನ್ನು ರೋಗಿಯೆಂದು ನೋಡಬಲ್ಲುದು, ಮನೆಯವನೆಂದೂ ನೋಡಬಲ್ಲುದು. ಈ ಭೇದವನ್ನು ಬೇಕರ್ ಅಂಥ ಜಾಗಗಳಲ್ಲಿ ದಿನವೂ ಕಂಡವರು.

ಕಟ್ಟುವ ಕೆಲಸದಲ್ಲೂ ಅವರಿಗೆ ಹೊಸ ಪಾಠಗಳು ಆರಂಭವಾದವು. ಮುರಕಲ್ಲು, ಸೆಗಣಿ ಸಾರಿಸಿದ ನೆಲ, ಗೆದ್ದಲು, ಆರ್ಭಟದ ಮಳೆಗಾಲ, ಬೇಸಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಎರೆಮಣ್ಣು, ಇವುಗಳಲ್ಲಿ ಒಂದನ್ನೂ ಬರ್ಮಿಂಗ್‌ಹ್ಯಾಮಿನ ಪಠ್ಯಪುಸ್ತಕ ಹೇಳಿರಲಿಲ್ಲ. ಹಳ್ಳಿಯ ಅನಕ್ಷರಸ್ಥ ಮೇಸ್ತ್ರಿಗೆ ಅವೆಲ್ಲ ಗೊತ್ತಿದ್ದವು. ಕಲಿತವರು ಕಲಿಯದವರ ಬಳಿ ಶಿಷ್ಯರಾಗಿ ಕೂತದ್ದು ಇಲ್ಲಿಂದಲೇ.

ಪಿಥೌರಾಗಢದ ಹದಿನಾರು ವರ್ಷ

ಚಾಂಡಿಯವರ ತಂಗಿ ಡಾಕ್ಟರ್ ಎಲಿಜಬೆತ್ ಜೇಕಬ್ ಕೂಡ ಕುಷ್ಠರೋಗಿಗಳ ಸೇವೆಯಲ್ಲಿದ್ದವರು. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದವರು. ಅಣ್ಣನ ಅನಾರೋಗ್ಯದ ಕಾಲದಲ್ಲಿ ಫೈಜಾಬಾದಿಗೆ ಬಂದಾಗ ಬೇಕರ್ ಅವರ ಪರಿಚಯವಾಯಿತು. ಎರಡು ಮನೆಗಳವರಿಗೂ ಒಪ್ಪಿಗೆಯಿಲ್ಲದಿದ್ದರೂ ಕಾದು ನಿಂತು 1948ರಲ್ಲಿ ವಿವಾಹವಾದರು. ಮದುವೆಯ ನಂತರ ಹಿಮಾಲಯದ ತಪ್ಪಲಿನ ಪಿಥೌರಾಗಢದ ಕಡೆಗೆ ನವದಂಪತಿಗಳು ಪ್ರವಾಸ ಹೋದರು. ಬಂದವರಲ್ಲಿ ಒಬ್ಬರು ಡಾಕ್ಟರೆಂದು ತಿಳಿದದ್ದೇ ತಡ, ಗುಡ್ಡಗಾಡಿನ ಜನ ಕಾಯಿಲೆಯವರನ್ನು ಹೊತ್ತುಕೊಂಡು ಬರತೊಡಗಿದರು. ಪ್ರವಾಸಕ್ಕೆ ಹೋದವರು ಹದಿನಾರು ವರ್ಷ ಅಲ್ಲೇ ನಿಂತರು. ಅವರು ಕಟ್ಟಿದ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ಆಕೆ. ದಾದಿ, ಸಹಾಯಕ, ಗಾರೆಕೆಲಸದವ ಎಲ್ಲವೂ ಬೇಕರ್.

ಕುಮಾಊಂ ಬೆಟ್ಟದ ಜನರ ಮನೆಗಳು ಬೇಕರ್ ಅವರ ಕಣ್ಣು ತೆರೆಸಿದವು. ದಪ್ಪ ಕಲ್ಲಿನ ಗೋಡೆ, ಮೇಲೆ ಕಲ್ಲಹಲಗೆಯ ಮಾಡು, ಕೆಳಗೆ ದನಕರು, ಮೇಲೆ ಮನುಷ್ಯರು. ಕೆಳಗಿನ ಕೊಟ್ಟಿಗೆಯ ಬಿಸಿ ಚಳಿಗಾಲದಲ್ಲಿ ಮೇಲಿನ ಕೋಣೆಯನ್ನು ಬೆಚ್ಚಗಿಡುತ್ತಿತ್ತು. ತಲೆತಲಾಂತರದಿಂದ ತಪ್ಪಿ, ತಿದ್ದಿ, ಮತ್ತೆ ಕಟ್ಟಿ ಜನ ಕಂಡುಕೊಂಡ ಜಾಣ್ಮೆ ಆ ಮನೆಗಳಲ್ಲಿತ್ತು. ಅದನ್ನು ಹಿಂದುಳಿದದ್ದೆಂದು ಕರೆದು ಅದರ ಜಾಗದಲ್ಲಿ ಪಟ್ಟಣದ ಪೆಟ್ಟಿಗೆಯನ್ನು ತಂದಿಡುವುದು ಅವಿವೇಕವೆಂಬುದು ಬೇಕರ್ ಅವರ ಜೀವಮಾನದ ನಂಬಿಕೆಯಾಯಿತು.

ಕೇರಳದಲ್ಲಿ

1963ರಲ್ಲಿ ಬೇಕರ್ ದಂಪತಿಗಳು ಕೇರಳದ ವಾಗಮಣ್ ಬೆಟ್ಟಕ್ಕೆ ಬಂದರು. ಕೆಲವು ವರ್ಷಗಳ ನಂತರ ತಿರುವನಂತಪುರದ ನಾಲಾಂಚಿರದಲ್ಲಿ ನೆಲೆನಿಂತರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಹೆಚ್ಚಿನವರು ನಿವೃತ್ತಿಯ ಲೆಕ್ಕ ಹಾಕುವ ಪ್ರಾಯದಲ್ಲಿ ಬೇಕರ್ ಅವರ ದೊಡ್ಡ ಕೆಲಸ ಆರಂಭವಾದುದು ಗಮನಾರ್ಹ.

ಸಿ. ಅಚ್ಯುತ ಮೇನೋನ್ ಮುಖ್ಯಮಂತ್ರಿಗಳಾಗಿದ್ದ ಕಾಲ ಅದು. ಬಡವರಿಗೆ ಒಂದು ಲಕ್ಷ ಮನೆ ಕಟ್ಟಿಕೊಡುವ ಯೋಜನೆ ಕೇರಳದಲ್ಲಿ ಆರಂಭವಾದುದು ಆಗಲೇ. ನಮ್ಮ ಊರುಗಳಲ್ಲೂ ಲಕ್ಷಂವೀಡು ಕಾಲೊನಿಗಳ ಹೆಸರು ಅಂದಿನಿಂದ ಬಂದದ್ದು. ಕಡಿಮೆ ಖರ್ಚಿನಲ್ಲಿ ಗಟ್ಟಿ ಮನೆ ಕಟ್ಟುವ ಬೇಕರ್ ಅವರ ವಿಧಾನ ಮುಖ್ಯಮಂತ್ರಿಗಳ ಗಮನ ಸೆಳೆಯಿತು. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರು ಉಳ್ಳೂರಿನಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳನ್ನು ಬೇಕರ್ ಅವರಿಗೇ ವಹಿಸಿದರು. ಗುಡ್ಡದ ಏರುತಗ್ಗು ಕೆಡಿಸದೆ, ಮರಗಳನ್ನು ಕಡಿಯದೆ, ಬಾಗುತ್ತ ಬಳಸುತ್ತ ಎದ್ದ ಆ ಇಟ್ಟಿಗೆಯ ಕಟ್ಟಡಗಳು ಇಂದಿಗೂ ವಿದ್ಯಾರ್ಥಿಗಳ ತೀರ್ಥಸ್ಥಳ.

ಪೂಂತುರದಲ್ಲಿ 1970ರ ದಶಕದ ನಡುವೆ ಮೀನುಗಾರರಿಗಾಗಿ ಅವರು ಕಟ್ಟಿಸಿದ ಮನೆಗಳನ್ನು ಇಲ್ಲಿ ಹೇಳಲೇಬೇಕು. ಸೇನೆಯ ಬರಾಕುಗಳಂತೆ ಉದ್ದ ಸಾಲಿನಲ್ಲಿ ಮನೆಗಳನ್ನು ನಿಲ್ಲಿಸುವ ಬದಲು, ಒಂದು ಮುಂದೆ ಒಂದು ಹಿಂದೆ ಎಂಬಂತೆ ಇಟ್ಟು ಪ್ರತಿಯೊಂದು ಮನೆಗೂ ಕಡಲಗಾಳಿ ಸಿಗುವಂತೆ, ಮುಂದುಗಡೆ ಬಲೆ ಒಣಗಿಸಲು, ಮಕ್ಕಳು ಆಡಲು ಒಂದಿಷ್ಟು ಅಂಗಳ ಉಳಿಯುವಂತೆ ಮಾಡಿದರು. ಮನೆಯೆಂದರೆ ಗೋಡೆಯೊಳಗಿನ ಜಾಗ ಮಾತ್ರವಲ್ಲ. ಬಡವನ ಬದುಕಿನ ಅರ್ಧ ಮನೆಯ ಹೊರಗೇ ನಡೆಯುತ್ತದೆ. ಸರಕಾರದ ನಕ್ಷೆಗಳು ಬಹಳ ಸಲ ಮರೆಯುವುದು ಈ ಹೊರಗಿನ ಅರ್ಧವನ್ನೇ.

ಕಟ್ಟುವ ಕ್ರಮ

ಬೇಕರ್ ಅವರ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಇದರಲ್ಲಿ ಗುಟ್ಟೇನೂ ಇಲ್ಲ; ಯಾವ ಮೇಸ್ತ್ರಿಯೂ ಕಲಿಯಬಹುದಾದ ಸಂಗತಿಗಳು.

ಮೊದಲನೆಯದು ಇಲಿಬೋನು ಕಟ್ಟು. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದರೆ ಗೋಡೆಯ ನಡುವೆ ಪೊಳ್ಳು ಉಳಿಯುತ್ತದೆ. ಇದರಿಂದ ಸುಮಾರು ನಾಲ್ಕರಲ್ಲಿ ಒಂದು ಪಾಲು ಇಟ್ಟಿಗೆ ಉಳಿತಾಯ. ಪೊಳ್ಳಿನಲ್ಲಿರುವ ಗಾಳಿ ಹೊರಗಿನ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಎರಡನೆಯದು ಹಂಚು ತುಂಬಿದ ತಾರಸಿ. ಕಾಂಕ್ರೀಟು ಚಪ್ಪಡಿಯ ಕೆಳಭಾಗದಲ್ಲಿ ಕಾಂಕ್ರೀಟಿನಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಕೆಲಸ ಮಾಡುವುದು ಕಬ್ಬಿಣ. ಆದುದರಿಂದ ಕಂಬಿಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನಿಟ್ಟು ಮೇಲೆ ಕಾಂಕ್ರೀಟು ಹಾಕಿದರು. ಸಿಮೆಂಟೂ ಉಳಿಯಿತು, ಕೋಣೆಯೂ ತಂಪಾಯಿತು. ನಮ್ಮ ಕರಾವಳಿಯ ಹಂಚು ಮಾಡಿನಿಂದ ಇಳಿದ ಮೇಲೂ ತಾರಸಿಯ ಹೊಟ್ಟೆಯೊಳಗೆ ಹೀಗೆ ಬಾಳಿತು.

ಮೂರನೆಯದು ಜಾಲಂಧ್ರ. ಕಿಟಿಕಿಯ ಬದಲು ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಗೋಡೆ. ಕಿಟಿಕಿಯ ಮರ, ಸರಳು, ಬಾಗಿಲುಗಳ ಖರ್ಚಿಲ್ಲ. ಗಾಳಿ, ಬೆಳಕು, ಕಾವಲು ಮೂರೂ ಒಂದರಲ್ಲೇ. ದಾರಂದವಿಲ್ಲದೆ ಗೋಡೆಗೇ ನೇರವಾಗಿ ಜೋಡಿಸಿದ ಬಾಗಿಲು, ಕೆಡವಿದ ಹಳೆಯ ಮನೆಗಳಿಂದ ತಂದ ಮರಮಟ್ಟು, ಗೋಡೆಗೆ ಹೊಂದಿಸಿಯೇ ಕಟ್ಟಿದ ಕೂರುವ ಕಟ್ಟೆ, ಅಗತ್ಯವಿಲ್ಲದಲ್ಲಿ ಸಾರಣೆಯಿಲ್ಲದ ಗೋಡೆ, ಇವೆಲ್ಲ ಅವರ ಉಳಿತಾಯದ ದಾರಿಗಳು.

ಹಳೆಯ ಲಕೋಟೆಗಳ ಬೆನ್ನಿನ ಮೇಲೆ ನಕ್ಷೆ ಬರೆದು, ಕೆಲಸದ ಜಾಗದಲ್ಲೇ ನಿಂತು, ಮೇಸ್ತ್ರಿಯೊಡನೆ ಮಾತನಾಡುತ್ತ ಅದನ್ನು ಬದಲಿಸುತ್ತಿದ್ದರು. ಮನೆಯಲ್ಲಿ ವಾಸಿಸುವವರು ಯಾರು, ಅವರು ಎಲ್ಲಿ ಮಲಗುತ್ತಾರೆ, ಎಲ್ಲಿ ಅಡುಗೆ ಮಾಡುತ್ತಾರೆ ಎಂದು ಕೇಳಿ ತಿಳಿಯದೆ ಅವರು ಗೆರೆ ಎಳೆಯುತ್ತಿರಲಿಲ್ಲ. ಮಣ್ಣಿನ ಮನೆ, ಇಟ್ಟಿಗೆ ಕೆಲಸ, ಖರ್ಚು ತಗ್ಗಿಸುವ ಬಗೆ ಮೊದಲಾದ ವಿಷಯಗಳ ಮೇಲೆ ಕೈಬರಹದಲ್ಲೇ, ನಗು ಬರುವ ಚಿತ್ರಗಳೊಂದಿಗೆ ಸಣ್ಣ ಪುಸ್ತಿಕೆಗಳನ್ನು ರಚಿಸಿದರು. ಇಟ್ಟಿಗೆ ಸುಡಲು ಎಷ್ಟು ಸೌದೆ ಉರಿಯುತ್ತದೆಂಬ ಲೆಕ್ಕ ಹಾಕಿದ ಮೇಲೆ, ಸುಡದ ಮಣ್ಣಿನ ಮನೆಯೇ ಎಲ್ಲಕ್ಕಿಂತ ಮೇಲೆಂಬ ಕಡೆಗೆ ಅವರ ಒಲವು ಬೆಳೆಯಿತು. ಕಾಡು, ಹವೆ, ಇಂಧನಗಳ ಚಿಂತೆ ಎಲ್ಲರ ಬಾಯಲ್ಲಿ ಬರುವ ಮೊದಲೇ ಅವರು ಇದನ್ನು ಹೇಳಿದರು.

1985ರಲ್ಲಿ ಅಚ್ಯುತ ಮೇನೋನ್, ಕೆ. ಎನ್. ರಾಜ್, ಟಿ. ಆರ್. ಚಂದ್ರದತ್ ಅವರೊಂದಿಗೆ ಸೇರಿ ತೃಶ್ಶೂರಿನಲ್ಲಿ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದೇ ದಶಕದಲ್ಲಿ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ತೆರೆಯಿತು. ಕರ್ನಾಟಕದಲ್ಲೂ ನಿರ್ಮಿತಿ ಕೇಂದ್ರದ ಫಲಕಗಳನ್ನು ಕಾಣುವ ನಮ್ಮವರಿಗೆ ಅದರ ಬೇರು ಕೇರಳದಲ್ಲಿರುವುದು ತಿಳಿದಿರಲಿ.

ಎಲ್ಲರೂ ಅವರನ್ನು ಮೆಚ್ಚಿದರೆಂದಲ್ಲ. ಸಾರಣೆಯಿಲ್ಲದ ಗೋಡೆ ಬಡತನದ ಗುರುತೆಂದು ಮೂಗು ಮುರಿದವರಿದ್ದರು. ಒಟ್ಟು ಖರ್ಚಿನ ಮೇಲೆ ಸಂಭಾವನೆ ಎಣಿಸುವ ಪದ್ಧತಿಯಲ್ಲಿ ಖರ್ಚು ತಗ್ಗಿಸುವವನು ಯಾರಿಗೆ ಬೇಕು? ಕುಶಲ ಮೇಸ್ತ್ರಿಯಿಲ್ಲದೆ ಅವರ ಕ್ರಮವನ್ನು ಅನುಕರಿಸಿದಲ್ಲಿ ಕೆಲಸ ಕೆಟ್ಟದ್ದೂ ಉಂಟು. ಆದರೂ ಗೌರವಗಳು ಅರಸಿಕೊಂಡು ಬಂದವು. 1980ರ ದಶಕದ ಕೊನೆಯಲ್ಲಿ ಅವರಿಗೆ ಭಾರತದ ಪೌರತ್ವ ದೊರೆಯಿತು. 1990ರಲ್ಲಿ ಪದ್ಮಶ್ರೀ, 1992ರಲ್ಲಿ ವಿಶ್ವಸಂಸ್ಥೆಯ ವಸತಿ ಪ್ರಶಸ್ತಿ ಬಂದವು.

ಗೋನೆಗಂಡ್ಲದ ಮಾಳಿಗೆ ಮನೆ

ಬೇಕರ್ ಅವರ ಹೆಸರಿನಲ್ಲಿ ಎಲ್ಲೆಡೆ ಕೆಂಪು ಇಟ್ಟಿಗೆಯ ಮನೆ ಕಟ್ಟಿದರೆ ಅದು ಬೇಕರ್ ಅವರಿಗೇ ಮಾಡಿದ ದ್ರೋಹ. ಐದು ಮೈಲಿಯ ಸೂತ್ರ ಊರಿಂದ ಊರಿಗೆ ಬೇರೆ ಉತ್ತರ ಕೊಡುತ್ತದೆ. ಇದಕ್ಕೆ ನಾವು ದೂರದ ಒಂದು ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಅದು ಆಂಧ್ರದ ಕರ್ನೂಲು ಜಿಲ್ಲೆಯ ಗೋನೆಗಂಡ್ಲ. ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಜಲಾಶಯದ ಸೀಮೆ. ಆ ಭಾಗದ ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ಆಚೆ ಉಳಿದ ಕನ್ನಡ ಮನೆಗಳ ಸುಖದುಃಖ ಅವರಿಗೂ ನಮಗೂ ಒಂದೇ ಬಗೆಯದು.

ಆ ಸೀಮೆಯಲ್ಲಿ ನಮ್ಮಂತೆ ಮುರಕಲ್ಲಿಲ್ಲ, ಮುಳಿಹುಲ್ಲಿನ ಮಾಡಿಲ್ಲ. ಮಳೆ ಅಲ್ಪ, ಬೇಸಗೆ ನಲವತ್ತು ಡಿಗ್ರಿ ದಾಟುತ್ತದೆ. ಅಲ್ಲಿನ ಹಳೆಯ ಮನೆಗಳು ಕಲ್ಲು ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳು. ಮರದ ತೊಲೆ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದ ಸವುಳು ಮಣ್ಣಿನ ಹೊದಿಕೆ. ಮಾಳಿಗೆಯ ನಡುವೆ ಬೆಳಕಿಂಡಿ. ಹೊರಗೆ ಉರಿ ಸುರಿದರೂ ಒಳಗೆ ತಂಪು. ಬಾಗಿಲ ಮುಂದಿನ ಕಟ್ಟೆ ಮನೆಯ ಹಿರಿಯರ ಸಿಂಹಾಸನ. ಬೀದಿಯಲ್ಲಿ ಹೋಗುವವರೊಡನೆ ನಾಲ್ಕು ಮಾತನಾಡುತ್ತ ಅವರ ದಿನ ಸಾಗುವುದು ಅಲ್ಲೇ.

ಆದರೆ ಈ ಮನೆಗೂ ಒಂದು ದೌರ್ಬಲ್ಯವಿದೆ. ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮೇಲೆ ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಆ ಭಾಗದ ದುಡಿಯುವ ಪ್ರಾಯದವರು ಕೂಲಿಗಾಗಿ ಬೆಂಗಳೂರಿಗೋ ಗುಂಟೂರಿನ ಮೆಣಸಿನ ಹೊಲಗಳಿಗೋ ವಲಸೆ ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ಮನೆಯಲ್ಲಿ ಉಳಿದ ಮುದುಕರು ಏಣಿ ಹತ್ತಲಾರರು. ಮಣ್ಣು ಹಾಕದ ಮಾಳಿಗೆ ಸೋರುತ್ತದೆ, ತೊಲೆ ಕೊಳೆಯುತ್ತದೆ, ಒಂದು ಜಡಿಮಳೆಯಲ್ಲಿ ಕುಸಿಯುತ್ತದೆ. ಇದಕ್ಕೆ ಸುಲಭವಾಗಿ ಸಿಗುವ ಪರಿಹಾರ ಇಡೀ ಮನೆ ಕೆಡವಿ ತೆಳು ಗೋಡೆಯ ಕಾಂಕ್ರೀಟು ಕೋಣೆ ಕಟ್ಟುವುದು. ಸೋರುವುದು ನಿಲ್ಲುತ್ತದೆ, ನಿಜ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಆ ಕೋಣೆ ಒಲೆಯಾಗುತ್ತದೆ, ಕಟ್ಟೆಯೂ ಹೋಗಿರುತ್ತದೆ.

ಬೇಕರ್ ಅವರ ಬದುಕನ್ನು ಬಲ್ಲವರಿಗೆ ನಡುವಿನ ದಾರಿ ಕಾಣಬೇಕು. ಶತಮಾನ ಬಾಳಿದ ದಪ್ಪ ಗೋಡೆಯನ್ನು ಉಳಿಸಿ, ಕೆಟ್ಟುಹೋದ ಮಾಳಿಗೆಯನ್ನು ಮಾತ್ರ ಬದಲಿಸಬಹುದು. ವರ್ಷ ವರ್ಷ ಮಣ್ಣು ಕೇಳದ, ಹಂಚು ತುಂಬಿದ ತಾರಸಿಯೋ ಆ ಜಿಲ್ಲೆಯ ಬಂಡೆಗಲ್ಲಿನ ಹಾಸೋ ಅಲ್ಲಿಗೆ ಹೊಂದೀತು. ಕಟ್ಟೆ ಇದ್ದಲ್ಲೇ ಇರಲಿ. ಅದಕ್ಕೆ ಏರಲು ಒಂದು ಇಳಿಜಾರು, ಹಿಡಿಯಲು ಒಂದು ಸರಳು ಇರಲಿ. ಎರೆಮಣ್ಣಿನ ನೆಲದಲ್ಲಿ ಹೊಸ ಗೋಡೆ ಎಬ್ಬಿಸುವವರು ಪಂಚಾಂಗದ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕಾದುದರಿಂದ, ನಿಂತ ಗೋಡೆಯನ್ನು ಉಳಿಸಿಕೊಳ್ಳುವುದು ಹಣದ ದೃಷ್ಟಿಯಿಂದಲೂ ಲೇಸು.

ಕೊಪ್ಪದಿಂದ ಕಾಲೊನಿಗೆ

ಇನ್ನು ನಮ್ಮ ಜಿಲ್ಲೆಯ ಕೊರಗರ ವಿಚಾರ. ಕೇರಳದಲ್ಲಿ ಕೊರಗರಿರುವುದು ಕಾಸರಗೋಡು ಜಿಲ್ಲೆಯಲ್ಲೇ. ಕೇಂದ್ರ ಸರಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಲ್ಲಿ ಅವರೂ ಒಬ್ಬರು. ಅವಿಭಜಿತ ಕರ್ನೂಲು ಜಿಲ್ಲೆಯ ನಲ್ಲಮಲ ಕಾಡಿನ ಚೆಂಚುಗಳೂ ಅದೇ ಪಟ್ಟಿಯವರು. ಕೊರಗರ ಹಳೆಯ ವಾಸ ಸೊಪ್ಪು ಹುಲ್ಲುಗಳ ಗುಡಿಸಲ ಗುಂಪು, ಕೊಪ್ಪ. ಬಿಳಲು ಬಿದಿರುಗಳಿಂದ ಬುಟ್ಟಿ ಹೆಣೆಯುವುದು ಅವರ ಕುಲವಿದ್ಯೆ. ಅದಕ್ಕೆ ಬೇಕಾದದ್ದು ನೆರಳಿರುವ ತೆರೆದ ಜಾಗ. ಮುದುಕರೂ ಮುದುಕಿಯರೂ ಕೂತಲ್ಲೇ ಮಾಡಬಹುದಾದ, ಅವರಿಗೆ ಮರ್ಯಾದೆಯನ್ನೂ ನಾಲ್ಕು ಕಾಸನ್ನೂ ಕೊಡುವ ಕೆಲಸ ಅದು.

ಹುಲ್ಲಿನ ಗುಡಿಸಲೇ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಮಳೆಗಾಲದ ಕರಾವಳಿಯಲ್ಲಿ ಸೋರುವ ಗುಡಿಸಲಲ್ಲಿ ಮುಪ್ಪು ಕಳೆಯುವುದು ಎಂಥ ಕಷ್ಟವೆಂದು ಬಲ್ಲವರೇ ಬಲ್ಲರು. ಗಟ್ಟಿ ಮನೆ ಅವರ ಹಕ್ಕು. ಪ್ರಧಾನ ಮಂತ್ರಿಗಳ ಜನ್‌ಮನ್ ಯೋಜನೆ 2023ರ ನವೆಂಬರಿನಲ್ಲಿ ಆರಂಭವಾದುದು ಇಂಥ ಬುಡಕಟ್ಟುಗಳಿಗಾಗಿಯೇ; ಕೇರಳದಲ್ಲಿ ಲೈಫ್ ಮಿಶನ್ ಇದೆ. ಹಣ ಬರುತ್ತದೆ, ಆದರೆ ಒಂದೇ ನಕ್ಷೆ ಎಲ್ಲರಿಗೂ ಬಂದರೆ ಜಗಲಿಯಿಲ್ಲದ, ಬುಟ್ಟಿ ಹೆಣೆಯಲು ಜಾಗವಿಲ್ಲದ ಪೆಟ್ಟಿಗೆಗಳು ಏಳುತ್ತವೆ. ಅಲ್ಲಿ ಅಜ್ಜ ಅಜ್ಜಿಯರು ಗೋಡೆ ನೋಡುತ್ತ ಕೂರಬೇಕಾಗುತ್ತದೆ. ಇಂಥ ಮನೆಯ ನಕ್ಷೆ ಮಾಡುವ ಮೊದಲು ಆ ಹಿರಿಯರೊಡನೆ ಅರ್ಧ ದಿನ ಕೂತು ಮಾತನಾಡುವುದಕ್ಕೆ ಯಾವ ಹಣವೂ ಬೇಡ.

ಕೆಲವು ಸಂಗತಿಗಳಂತೂ ಯಾವ ಮನೆಗೂ ಸಲ್ಲುವಂಥವು. ಮೆಟ್ಟಿಲಿನ ಜೊತೆಗೆ ಇಳಿಜಾರು ದಾರಿ ಇರಲಿ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಮ್ಮ ದೇಶದ ಒಪ್ಪಿತ ಲೆಕ್ಕ. ಬಾಗಿಲು ಗಾಲಿ ಕುರ್ಚಿ ಸಾಗುವಷ್ಟು, ಅಂದರೆ ಸುಮಾರು ಮೂರಡಿ ಅಗಲವಿರಲಿ. ಹೊಸ್ತಿಲು ನೆಲಕ್ಕೆ ಸಮವಾಗಿರಲಿ. ಕಕ್ಕಸು ಮಲಗುವ ಜಾಗದ ಹತ್ತಿರವಿರಲಿ, ಗೋಡೆಗೆ ಹಿಡಿಕೆಯಿರಲಿ, ನೆಲ ಒರಟಾಗಿರಲಿ. ಜಗಲಿ ಮೊಣಕಾಲಿನ ಎತ್ತರವಿದ್ದರೆ ಕೂತು ಏಳುವುದು ಸುಲಭ. ಹೊಸ ಮನೆ ಕಟ್ಟುವಾಗಲೇ ಇವನ್ನೆಲ್ಲ ಮಾಡಿದರೆ ತಗಲುವ ಹೆಚ್ಚಿನ ಖರ್ಚು ಅತ್ಯಲ್ಪ. ಬಿದ್ದು ಸೊಂಟ ಮುರಿದ ಮೇಲೆ ಮಾಡಹೊರಟರೆ ಅದೇ ಕೆಲಸ ದುಬಾರಿ.

ಕೊನೆಯ ದಿನಗಳು

ನಾಲಾಂಚಿರದಲ್ಲಿ ಬಂಡೆಗಲ್ಲಿನ ಕಡಿದಾದ ಇಳುಕಲಿನಲ್ಲಿ, ಯಾರಿಗೂ ಬೇಡವಾದ ಜಾಗದಲ್ಲಿ ಬೇಕರ್ ತಮ್ಮ ಮನೆ ಕಟ್ಟಿಕೊಂಡಿದ್ದರು. ಹ್ಯಾಮ್ಲೆಟ್ ಎಂದು ಅದರ ಹೆಸರು. ಸಣ್ಣ ಗುಡಿಸಲಾಗಿ ಆರಂಭವಾದ ಅದು ಸಂಸಾರದ ಅಗತ್ಯ ಬೆಳೆದಂತೆ ಒಂದೊಂದೇ ಕೋಣೆಯಾಗಿ ಬೆಳೆಯಿತು. ಹಳೆಯ ಮರ, ಒಡೆದ ಹಂಚು, ಬಣ್ಣದ ಬಾಟಲಿಗಳು ಅಲ್ಲಿ ಗೋಡೆಗಳಾದವು. ಕಡಿದಾದ ಜಾಗವಾದುದರಿಂದ ಅಲ್ಲಿ ಮೆಟ್ಟಿಲುಗಳೂ ಏರುತಗ್ಗುಗಳೂ ಬಹಳ. ವೃದ್ಧರ ಮನೆಗೆ ಅದೇ ಮಾದರಿಯೆಂದು ನಾವು ಹೇಳಲಾರೆವು. ಆದರೆ ಒಂದು ಪಾಠ ಅದರಲ್ಲಿದೆ. ಆ ಮನೆ ಎಂದೂ ಮುಗಿದ ಮನೆಯಾಗಿರಲಿಲ್ಲ. ವಾಸಿಸುವವರ ವಯಸ್ಸು, ಅಗತ್ಯಗಳೊಂದಿಗೆ ಅದೂ ಬದಲಾಗುತ್ತ ಬಂತು. ಊರಿನ ಸಾಮಗ್ರಿಯಿಂದ ಕಟ್ಟಿದ ಮನೆಗೆ ಮಾತ್ರ ಹೀಗೆ ಬದಲಾಗುವ ಶಕ್ತಿಯಿರುತ್ತದೆ.

2007ರ ಏಪ್ರಿಲ್ 1ರಂದು, ತೊಂಬತ್ತು ತುಂಬಿದ ಮೇಲೆ, ಲಾರಿ ಬೇಕರ್ ಆ ಮನೆಯಲ್ಲೇ ಕೊನೆಯುಸಿರೆಳೆದರು. ಬಾಳಸಂಗಾತಿ ಎಲಿಜಬೆತ್ 2011ರಲ್ಲಿ ತೀರಿಕೊಂಡರು. ಹುಟ್ಟಿದ ದೇಶದಿಂದ ಸಾವಿರಾರು ಮೈಲಿ ದೂರದಲ್ಲಿ, ತಾನೇ ಕಟ್ಟಿದ ಮನೆಯಲ್ಲಿ, ತನ್ನವರ ನಡುವೆ ಮುಪ್ಪನ್ನು ಕಳೆದ ಭಾಗ್ಯ ಅವರದು.

ಅವರು ತೀರಿಕೊಂಡ ವರ್ಷವೇ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ಅಂಗೀಕರಿಸಿತು. ದಿಕ್ಕಿಲ್ಲದ ಕನಿಷ್ಠ 150 ಮಂದಿ ವೃದ್ಧರಿಗೆ ಸ್ಥಳವಿರುವ ಆಶ್ರಮ ಪ್ರತಿ ಜಿಲ್ಲೆಗೊಂದಾದರೂ ಇರಲಿ ಎಂಬುದು ಅದರ ಆಶಯ. ದಿಕ್ಕಿಲ್ಲದವರಿಗೆ ಆಶ್ರಮ ಬೇಕು, ಸಂಶಯವಿಲ್ಲ. ಆದರೆ ಮನೆ ಇದ್ದೂ ಮನೆಯಲ್ಲಿರಲಾಗದೆ ಹೊರಡುವವರ ಸಂಖ್ಯೆ ತಗ್ಗಬೇಕಾದರೆ ಮನೆಗಳೇ ಬದಲಾಗಬೇಕು. ಹಿರಿಯರು ಮನೆಯಲ್ಲಿ ಉಳಿದರೆ ಅವರ ಮಾತು, ಅವರ ಕಥೆ, ಅವರ ನುಡಿಗಟ್ಟು ಮನೆಯಲ್ಲಿ ಉಳಿಯುತ್ತವೆ. ಶಾಲೆಯಲ್ಲೂ ಕಚೇರಿಯಲ್ಲೂ ಬೇರೆ ಭಾಷೆ ಕೇಳುವ ನಮ್ಮ ಮಕ್ಕಳಿಗೆ ಕನ್ನಡ ದೊರೆಯುವುದು ಜಗಲಿಯಲ್ಲಿ ಕೂತ ಅಜ್ಜಿಯಿಂದಲೇ. ಕೊರಗರ ಮಗುವಿಗೆ ಕೊರಗ ಭಾಷೆ ದೊರೆಯುವುದೂ ಹಾಗೆಯೇ.

ಈ ವರ್ಷ ನಮ್ಮ ಪಂಚಾಯತುಗಳಲ್ಲಿ ವಸತಿ ಯೋಜನೆಗಳ ಪಟ್ಟಿ ಸಿದ್ಧವಾಗುವಾಗ ಗ್ರಾಮಸಭೆಗೆ ಹೋಗುವ ಓದುಗರು, ಮನೆ ಎಷ್ಟು ಎಂದು ಕೇಳುವುದರ ಜೊತೆಗೆ ಎಂಥ ಮನೆ ಎಂದೂ ಕೇಳಬೇಕೆಂದು ನಮ್ಮ ವಿನಂತಿ. ಆ ಮನೆಗೆ ಜಗಲಿ ಇದೆಯೇ, ಮುದುಕರು ಹತ್ತುವ ದಾರಿ ಇದೆಯೇ, ಅಲ್ಲಿ ವಾಸ ಮಾಡುವವರನ್ನು ಯಾರಾದರೂ ಕೇಳಿದ್ದಾರೆಯೇ? ಈ ಪ್ರಶ್ನೆಗಳನ್ನು ಸಭೆಯಲ್ಲಿ ಎದ್ದು ನಿಂತು ಕೇಳುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ.